ಮರಳಿ ತುಂಬುವ ತೋಟಾ

ಬಂದೂಕಿನಿಂದ ಗುಂಡು ಹಾರಿದ ತರುವಾಯ ತೋಟಾದಲ್ಲಿ ಉಳಿಯುವುದೇನು ಎಂಬ ಪ್ರಶ್ನೆಯನ್ನು ಬಂದೂಕು ಹಿಡಿಯದವರು ಕೇಳಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಗುಂಡು ಗುರಿಯತ್ತ ಹೋಯಿತು; ಮದ್ದು ಉರಿದು ಅನಿಲವಾಯಿತು; ಕಿಡಿ ಕೊಟ್ಟ ಕೇಪು ಜಜ್ಜಿಹೋಗಿ ನಿಷ್ಪ್ರಯೋಜಕವಾಯಿತು; ಆದರೆ ಇವೆಲ್ಲವನ್ನೂ ಒಡಲಲ್ಲಿ ಧರಿಸಿದ್ದ ಹಿತ್ತಾಳೆಯ ಕೋಶವು, ಹೊಗೆಯ ಕರಿ ಹಿಡಿದು, ಅಲ್ಪಸ್ವಲ್ಪ ಉಬ್ಬಿ, ಬಿಸಿಬಿಸಿಯಾಗಿ ನೆಲಕ್ಕೆ ಬಿದ್ದಿದ್ದರೂ, ತನ್ನ ಆಯುಷ್ಯವನ್ನು ಮುಗಿಸಿರುವುದಿಲ್ಲ. ತೋಟಾದ ನಾಲ್ಕು ಅಂಗಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆಯುಳ್ಳದ್ದು ಆ ಕೋಶವೇ. ಅದನ್ನು ಹೆಕ್ಕಿ ತಂದು, ತೊಳೆದು, ಪೂರ್ವದ ಅಳತೆಗೆ ಇಳಿಸಿ, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡುಗಳನ್ನು ಕೂಡಿಸಿ ಮತ್ತೊಂದು ತೋಟಾವನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುವ ಹವ್ಯಾಸವೊಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಶತಮಾನಕ್ಕೂ ಮಿಕ್ಕ ಕಾಲದಿಂದ ಬೆಳೆದುಬಂದಿದೆ. ಬಂದೂಕೆಂದರೆ ಭಯವನ್ನೋ ಪೌರುಷವನ್ನೋ ಮಾತ್ರ ನೆನೆಯುವ ನಮಗೆ, ಅದರ ಸುತ್ತ ಇಷ್ಟೊಂದು ತಾಳ್ಮೆಯ, ತೂಕದ, ಲೆಕ್ಕದ ಕೆಲಸವೂ ಉಂಟೆಂಬುದು ಹೊಸ ಸಂಗತಿಯಾಗಿ ತೋರಬಹುದು. ನನ್ನ ಮಟ್ಟಿಗಂತೂ ಈ ವಿಷಯದಲ್ಲಿ ಆದರಣೀಯವಾದುದು ಗುಂಡಿನ ವೇಗವಲ್ಲ; ಆ ವೇಗವನ್ನು ಸ್ವಂತ ಕೈಯಿಂದ ಕಟ್ಟುವವನು ಪ್ರತಿಯೊಂದು ತೋಟಾಕ್ಕೂ ತಾನೇ ಉತ್ತರವಾದಿ ಎಂದು ಬಗೆದು ನಡೆಯುವ ಎಚ್ಚರ.

ಬಂದೂಕನ್ನು ಕೈಯಾರೆ ತುಂಬುವುದು ಮೂಲತಃ ವಿಶೇಷವಾದ ಹವ್ಯಾಸವೇನೂ ಆಗಿರಲಿಲ್ಲ. ಬೇರೆ ದಾರಿಯೇ ಇಲ್ಲದ ಕಾಲವಿತ್ತು. ನಮ್ಮ ಮಲೆನಾಡಿನಲ್ಲಿ ಗದ್ದೆ ಕಾಯಲು ಇಟ್ಟುಕೊಳ್ಳುತ್ತಿದ್ದ ಕೇಪಿನ ಕೋವಿಯನ್ನು ಬಲ್ಲವರಿಗೆ ಇದು ತಿಳಿದ ಮಾತು: ನಳಿಗೆಯ ಬಾಯಿಂದ ಅಳತೆಯ ಮದ್ದನ್ನು ಸುರಿದು, ಅದರ ಮೇಲೆ ತೆಂಗಿನ ನಾರನ್ನೋ ಕಾಗದವನ್ನೋ ತುರುಕಿ ಗಜದಿಂದ ಜಡಿದು, ಚರೆಯನ್ನು ಹಾಕಿ, ಅದು ಉದುರದಂತೆ ಮತ್ತೊಮ್ಮೆ ಬಿರಿ ಹಾಕಿ, ಕಟ್ಟಕಡೆಗೆ ಕುದುರೆಯ ಕೆಳಗಿನ ಮೊಲೆಗೆ ಕೇಪನ್ನು ತೊಡಿಸಬೇಕು. ಮದ್ದು ಹೆಚ್ಚಾದರೆ ಕೋವಿಗೆ ಕೇಡು, ಕಡಿಮೆಯಾದರೆ ಈಡು ವ್ಯರ್ಥ. ಈ ಕೇಪಿನ ಹುಟ್ಟಿಗೂ ಬೇಟೆಗೂ ಇರುವ ಸಂಬಂಧ ಸ್ವಾರಸ್ಯವಾದದ್ದು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬಲ್ಲಿ ಪಾದ್ರಿಯಾಗಿದ್ದ ಅಲೆಕ್ಸಾಂಡರ್ ಫೋರ್ಸೈತ್ ಎಂಬಾತನು ಬಾತುಕೋಳಿಯ ಬೇಟೆಯಲ್ಲಿ ಆಸಕ್ತನು; ಚಕಮಕಿ ಕಲ್ಲಿನ ಬಂದೂಕಿನ ಬತ್ತಿಗೂಡಿನಲ್ಲಿ ಮಿಂಚುವ ಬೆಂಕಿಯನ್ನು ಕಂಡು, ಗುಂಡು ತಲುಪುವ ಮುನ್ನವೇ ಹಕ್ಕಿಗಳು ಹಾರಿಹೋಗುತ್ತಿದ್ದುದರಿಂದ ಬೇಸತ್ತು, ಪೆಟ್ಟಿನಿಂದಲೇ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯವನ್ನು ಕಂಡುಹಿಡಿದು, 1807ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಮುಂದೆ ಬಂದ ಕೇಪಿಗೆ ದಾರಿಮಾಡಿಕೊಟ್ಟುದು ಇದೇ ಉಪಾಯ.

ಮದ್ದನ್ನೂ ಗುಂಡನ್ನೂ ಒಂದೇ ಕಟ್ಟಿನಲ್ಲಿ ಇಡುವ ಪ್ರಯತ್ನಗಳು ಬಹುಕಾಲ ಕಾಗದದಲ್ಲಿಯೇ ನಡೆದುವು. ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕೆಂಬ ಕಟ್ಟಳೆಯೂ, ಅದಕ್ಕೆ ಸವರಿದ ಕೊಬ್ಬು ಹಸುವಿನದು ಹಂದಿಯದು ಎಂಬ ಶಂಕೆಯೂ 1857ರಲ್ಲಿ ಈ ದೇಶದ ಇತಿಹಾಸವನ್ನೇ ತಿರುಗಿಸಿದುವೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅನಂತರ ಸುಮಾರು ಒಂದು ದಶಕದೊಳಗೆ ಕಾಗದದ ಸ್ಥಾನಕ್ಕೆ ಲೋಹವು ಬಂದಿತು. 1866ರಲ್ಲಿ, ಇಂಗ್ಲೆಂಡಿನ ವುಲ್‌ವಿಚ್ ಶಸ್ತ್ರಾಗಾರದ ಅಧಿಕಾರಿಯಾದ ಎಡ್ವರ್ಡ್ ಬಾಕ್ಸರನೂ, ಅಮೆರಿಕದ ಹೈರಮ್ ಬರ್ಡನ್ನನೂ ಪರಸ್ಪರ ಸಂಬಂಧವಿಲ್ಲದೆ ಲೋಹದ ತೋಟಾದ ಬುಡದಲ್ಲಿ ಕೇಪನ್ನು ಕೂರಿಸುವ ಎರಡು ವಿಧಾನಗಳಿಗೆ ಪೇಟೆಂಟು ಪಡೆದರು. ಬಾಕ್ಸರನ ವಿಧಾನದಲ್ಲಿ ಬೆಂಕಿ ಒಳಹೋಗಲು ನಟ್ಟನಡುವೆ ಒಂದೇ ರಂಧ್ರ. ಬರ್ಡನ್ನನದರಲ್ಲಿ ನಡುವೆ ಒಂದು ಸಣ್ಣ ದಿಬ್ಬ, ಅದರ ಪಕ್ಕಗಳಲ್ಲಿ ಎರಡು ಕಿರುರಂಧ್ರಗಳು. ನೋಡಲು ಅತ್ಯಲ್ಪವಾದ ವ್ಯತ್ಯಾಸ. ಆದರೆ ನಮ್ಮ ಹವ್ಯಾಸದ ಹಣೆಬರಹವೆಲ್ಲ ಅಲ್ಲಿಯೇ ನಿಂತಿದೆ. ನಡುವಿನ ರಂಧ್ರದ ಮೂಲಕ ಒಂದು ಸೂಜಿಯನ್ನು ಒಳಗಿನಿಂದ ಒತ್ತಿದರೆ ಬಾಕ್ಸರನ ಕೇಪು ಒಮ್ಮೆಲೇ ಹೊರಗೆ ಬೀಳುತ್ತದೆ. ಬರ್ಡನ್ನನದನ್ನು ಕಿತ್ತು ತೆಗೆಯಲು ಬೇರೆಯೇ ಸಾಧನ ಬೇಕು, ಮೇಲಾಗಿ ಬಹಳ ತಾಳ್ಮೆಯೂ ಬೇಕು. ಆಂಗ್ಲನ ವಿಧಾನವು ಅಮೆರಿಕದಲ್ಲಿ ನೆಲೆನಿಂತು, ಅಮೆರಿಕದವನದು ಯೂರೋಪಿನ ಸೈನ್ಯಗಳಿಗೆ ಒಪ್ಪಿತವಾದದ್ದು ಚರಿತ್ರೆಯ ಒಂದು ವಿಚಿತ್ರ ವಿನಿಮಯ. ಅಮೆರಿಕದಲ್ಲಿ ಮನೆಯ ತೋಟಾ ತಯಾರಿಕೆ ಅಷ್ಟು ಸುಲಭವಾಗಿ ಹರಡಿದುದಕ್ಕೆ ಈ ವಿನಿಮಯವೂ ಒಂದು ಕಾರಣ.

ಕೋಶವನ್ನು ಹಿತ್ತಾಳೆಯಿಂದಲೇ ಏಕೆ ಮಾಡಬೇಕೆಂಬುದೂ ವಿಚಾರಯೋಗ್ಯ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು ಸೇರಿದ ಹಿತ್ತಾಳೆಗೆ ಒಂದು ಅಪೂರ್ವ ಗುಣವುಂಟು: ಸಿಡಿತದ ಕ್ಷಣದಲ್ಲಿ ಅದು ಹಿಗ್ಗಿ ಬಂದೂಕಿನ ಕೋಣೆಯ ಗೋಡೆಗೆ ಒತ್ತಿಕೊಂಡು, ಅನಿಲವು ಹಿಂದಕ್ಕೆ ನುಸುಳದಂತೆ ಮುಚ್ಚುತ್ತದೆ, ಒತ್ತಡವಿಳಿದೊಡನೆ ತುಸುವೇ ಕುಗ್ಗಿ ಹೊರಬರಲು ಅನುಕೂಲವಾಗುತ್ತದೆ. ಇಷ್ಟಾದರೂ ಅದು ದೋಷರಹಿತವಾದ ಲೋಹವಲ್ಲ. ಅದರ ಒಂದು ದೋಷ ಬೆಳಕಿಗೆ ಬಂದುದು ನಮ್ಮ ದೇಶದಲ್ಲಿಯೇ. ಬ್ರಿಟಿಷ್ ಸೈನ್ಯವು ಇಲ್ಲಿ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ದಾಸ್ತಾನಿಟ್ಟಾಗ, ಯಾರೂ ಮುಟ್ಟದೆಯೇ ಅವುಗಳ ಕೋಶಗಳಲ್ಲಿ ಬಿರುಕುಗಳು ಕಾಣಿಸಿಕೊಂಡುವು; ಋತುವಿಗೆ ತಕ್ಕಂತೆ ಬರುತ್ತಿದ್ದುದರಿಂದ ಆ ಬಿರುಕಿಗೆ ಋತುವಿನ ಹೆಸರೇ ಬಿದ್ದಿತು. ಕುದುರೆಯ ಮೂತ್ರದಿಂದೇಳುವ ಅಮೋನಿಯವೂ, ಕೋಶವನ್ನು ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದುಬಿಟ್ಟ ಬಿಗಿತವೂ ಕೂಡಿದಾಗ ಹೀಗಾಗುತ್ತದೆಂದು 1921ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಇಂದಿಗೂ ತೋಟಾ ತುಂಬುವವರು ಹಿತ್ತಾಳೆಗೆ ಅಮೋನಿಯ ಬೆರೆತ ಹೊಳಪುದ್ರಾವಣವನ್ನು ಸೋಕಿಸಲು ಹಿಂಜರಿಯುತ್ತಾರೆ.

ಇನ್ನು ಕೆಲಸದ ಮೇಜಿನ ಬಳಿಗೆ ಬರೋಣ. ಅಮೆರಿಕದ ಮನೆಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಕ್ಕುವ ಸ್ಥಳ ಗ್ಯಾರೇಜಿನ ಒಂದು ಮೂಲೆ, ಇಲ್ಲವೆ ನೆಲಮಾಳಿಗೆ. ದಪ್ಪ ಹಲಗೆಯ ಮೇಜಿಗೆ ಬೋಲ್ಟು ಹಾಕಿ ಬಿಗಿದ ಎರಕದ ಕಬ್ಬಿಣದ ಪ್ರೆಸ್ಸು, ಅದರ ನೆತ್ತಿಯಲ್ಲಿ ತಿರುಗಿಸಿ ಕೂಡಿಸುವ ಉಕ್ಕಿನ ಅಚ್ಚು, ಪಕ್ಕದಲ್ಲಿ ತಕ್ಕಡಿ, ಕೋಶಗಳನ್ನು ಸಾಲಾಗಿ ನಿಲ್ಲಿಸಲು ಕುಳಿಗಳುಳ್ಳ ಮರದ ಹಲಗೆ, ಇವೆಲ್ಲಕ್ಕಿಂತ ಮುಖ್ಯವಾಗಿ, ತೆರೆದಿಟ್ಟ ಕೈಪಿಡಿ. ಮೊದಲ ಕೆಲಸ ಕಣ್ಣಿನದು. ಪ್ರತಿ ಕೋಶವನ್ನೂ ಬೆಳಕಿಗೆ ಹಿಡಿದು, ಕತ್ತಿನಲ್ಲಿ ಬಿರುಕುಂಟೆ, ಬುಡದ ಹತ್ತಿರ ಉಂಗುರದಂತೆ ಹೊಳೆಯುವ ಗೆರೆಯುಂಟೆ ಎಂದು ಪರೀಕ್ಷಿಸಬೇಕು. ಆ ಗೆರೆಯೆಂದರೆ ಒಳಗೆ ಗೋಡೆ ತೆಳುವಾಗಿದೆ, ಇನ್ನೊಂದು ಈಡಿಗೆ ಕೋಶ ಎರಡು ತುಂಡಾಗಬಹುದು ಎಂದರ್ಥ. ಅಂಥದನ್ನು ಚಿಮಟದಿಂದ ಬಾಯಿ ಜಜ್ಜಿ, ಮರೆತೂ ಮತ್ತೆ ಬಳಕೆಗೆ ಬಾರದಂತೆ ಮಾಡಿ, ಗುಜರಿಯ ಡಬ್ಬಿಗೆ ಹಾಕುತ್ತಾರೆ. ಉಳಿದವುಗಳಿಗೆ ಎಣ್ಣೆಯಂಥ ಜಿಡ್ಡನ್ನು ತೆಳ್ಳಗೆ ಸವರಿ ಅಚ್ಚಿನೊಳಕ್ಕೆ ಒತ್ತುತ್ತಾರೆ; ಕೈಪಿಡಿಯನ್ನು ಓದದೆ ಒಣ ಕೋಶವನ್ನೇ ಒತ್ತಿದ ಹೊಸಬನಿಗೆ, ಅದು ಅಚ್ಚಿನಲ್ಲಿ ಕಚ್ಚಿಕೊಂಡು ಹೊರಬಾರದೆ, ಮೊದಲ ದಿನವೇ ಪಾಠವಾಗುತ್ತದೆ. ಪ್ರೆಸ್ಸಿನ ಕೈಹಿಡಿಯನ್ನು ಒಮ್ಮೆ ಇಳಿಸಿದರೆ ಉಬ್ಬಿದ ಕೋಶ ಮೊದಲಿನ ಅಳತೆಗೆ ಬರುವುದೂ, ಒಳಗಿನ ಸೂಜಿಯು ಹಳೆಯ ಕೇಪನ್ನು ತಳ್ಳಿಹಾಕುವುದೂ ಒಟ್ಟಿಗೆ ನಡೆಯುತ್ತವೆ. ಈಡಿನಿಂದ ಈಡಿಗೆ ಹಿತ್ತಾಳೆ ಉದ್ದವಾಗುವುದರಿಂದ ಮಿತಿಮೀರಿದುದನ್ನು ಕತ್ತರಿಸಬೇಕು. ಅನಂತರ ಹೊಸ ಕೇಪು ಬುಡದಲ್ಲಿ ಕೂರಬೇಕು. ಬೆರಳಿನಿಂದ ಸವರಿದರೆ ಅದು ಮಟ್ಟಕ್ಕಿಂತ ಕೂದಲೆಳೆಯಷ್ಟು ತಗ್ಗಾಗಿ ತಿಳಿಯಬೇಕೇ ಹೊರತು ಎಂದಿಗೂ ಉಬ್ಬಿರಕೂಡದು.

ಮದ್ದಿನ ತೂಕಕ್ಕೆ ಬಂದಾಗ ಕೆಲಸದ ಗತಿಯೇ ಬದಲಾಗುತ್ತದೆ. ಇಲ್ಲಿ ಬಳಸುವುದು ಗಂಧಕ, ಇದ್ದಿಲು, ಪೆಟ್ಲುಪ್ಪುಗಳ ಹಳೆಯ ಕರಿಮದ್ದಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬ ರಸಾಯನವಿಜ್ಞಾನಿ ನೈಟ್ರೋಸೆಲ್ಯುಲೋಸಿನಿಂದ ಸಿದ್ಧಪಡಿಸಿದ ಹೊಗೆರಹಿತ ಮದ್ದಿನ ಸಂತತಿ. ನೀಲಗಿರಿಯ ಅರವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಥಾಪಿತವಾದ ಕಾರ್ಡೈಟ್ ಕಾರ್ಖಾನೆಯೂ ಇದೇ ಕುಲದ ಒಂದು ಪದಾರ್ಥಕ್ಕಾಗಿ ಹುಟ್ಟಿದುದು. ಅಮೆರಿಕದವರು ಮದ್ದನ್ನು ಗ್ರೇನ್ ಎಂಬ ಮಾನದಲ್ಲಿ ತೂಗುತ್ತಾರೆ. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರ ಗುಲಗಂಜಿಯ ತೂಕದ ಸುಮಾರು ಅರ್ಧದಷ್ಟು ಒಂದು ಗ್ರೇನಾಗುತ್ತದೆ. ಮನೆಯ ತಕ್ಕಡಿ ಆ ಗ್ರೇನಿನ ಹತ್ತನೆಯ ಒಂದು ಪಾಲನ್ನೂ ತೋರಿಸಬೇಕು. ಇಷ್ಟು ಸೂಕ್ಷ್ಮತೆ ಏಕೆಂದರೆ, 1906ರಲ್ಲಿ ಅಮೆರಿಕದ ಸೈನ್ಯ ಅಂಗೀಕರಿಸಿ ಇಂದಿಗೂ ಬೇಟೆಗಾರರ ಪ್ರೀತಿಪಾತ್ರವಾಗಿರುವ ಥರ್ಟಿ-ಆಟ್-ಸಿಕ್ಸ್ ತೋಟಾದೊಳಗಿನ ಒತ್ತಡಕ್ಕೆ ಹಾಕಿರುವ ಮಿತಿ ಚದರ ಅಂಗುಲಕ್ಕೆ 60,000 ಪೌಂಡು. ಕಾರಿನ ಗಾಲಿಯಲ್ಲಿರುವ ಒತ್ತಡದ ಸುಮಾರು ಎರಡು ಸಾವಿರ ಪಟ್ಟು. ಆ ಮಿತಿಗೂ ಅಪಾಯಕ್ಕೂ ನಡುವಣ ಅಂತರವನ್ನು ಕಣ್ಣಂದಾಜು ಕಾಣಲಾರದು. ಆದಕಾರಣವೇ ಯಾವ ಮದ್ದು, ಯಾವ ಗುಂಡು, ಎಷ್ಟು ತೂಕ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆದು ಪ್ರಕಟಿಸಿದ ಕೈಪಿಡಿಯನ್ನು ಬಿಟ್ಟು, ಗೆಳೆಯನ ಬಾಯಿಮಾತನ್ನು ನಂಬಿ ತುಂಬುವುದು ಈ ಹವ್ಯಾಸದಲ್ಲಿ ಅಕ್ಷಮ್ಯವಾದ ಅಪರಾಧ. ಆ ಕೈಪಿಡಿಯ ಅಂಕಿಯನ್ನು ಹಿಡಿದವನೂ ಕನಿಷ್ಠ ಅಳತೆಯಿಂದ ಆರಂಭಿಸಿ, ಪ್ರತಿ ಹಂತದಲ್ಲಿಯೂ ಕೋಶವನ್ನು ಪರೀಕ್ಷಿಸುತ್ತ ಮೇಲೇರಬೇಕೆಂಬುದು ವಿಧಿ.

ಅತಿ ದೊಡ್ಡ ಆಪತ್ತು ಅಜ್ಞಾನದಿಂದ ಬರುವುದಕ್ಕಿಂತ ಗಮನ ತಪ್ಪುವುದರಿಂದ ಬರುತ್ತದೆ. ಪಿಸ್ತೂಲಿನ ಕೆಲವು ಕೋಶಗಳಲ್ಲಿ ಮದ್ದು ಅರ್ಧವನ್ನೂ ತುಂಬುವುದಿಲ್ಲ. ಬಾಗಿಲಲ್ಲಿ ಯಾರೋ ಕರೆದರೆಂದು ಎದ್ದುಹೋಗಿ ಬಂದವನು ಅದಕ್ಕೇ ಎರಡನೆಯ ಬಾರಿ ಮದ್ದು ಸುರಿದರೆ ಅದು ತುಳುಕಿ ಎಚ್ಚರಿಸುವುದೂ ಇಲ್ಲ. ಇದಕ್ಕೆ ವಿರುದ್ಧವಾದ ತಪ್ಪು ಮದ್ದನ್ನೇ ಹಾಕದಿರುವುದು: ಆಗ ಕೇಪಿನ ಬಲವೊಂದೇ ಗುಂಡನ್ನು ನಳಿಗೆಯೊಳಕ್ಕೆ ತಳ್ಳಿ ಅಲ್ಲಿಯೇ ಸಿಕ್ಕಿಸುತ್ತದೆ; ಸದ್ದು ಕ್ಷೀಣವಾದುದನ್ನು ಗಮನಿಸದೆ ಮತ್ತೊಂದು ಈಡು ಹೊಡೆದರೆ ನಳಿಗೆ ಸೀಳಬಹುದು. ಅದಕ್ಕಾಗಿಯೇ ಗುಂಡು ಕೂರಿಸುವ ಮೊದಲು ಹಲಗೆಯಲ್ಲಿ ನಿಂತ ಕೋಶಗಳ ಒಳಗೆಲ್ಲ ದೀಪ ಹಿಡಿದು, ಮದ್ದಿನ ಮಟ್ಟ ಒಂದೇ ಸಮನಾಗಿದೆಯೇ ಎಂದು ಸಾಲು ಸಾಲಾಗಿ ನೋಡುವ ಪದ್ಧತಿ. ಒಂದು ಕಾಲಕ್ಕೆ ಮೇಜಿನ ಮೇಲೆ ಒಂದೇ ಜಾತಿಯ ಮದ್ದಿನ ಡಬ್ಬಿಯಿರಬೇಕು, ಹೊಗೆಸೊಪ್ಪು ಸೇದಕೂಡದು, ಮಾತುಕತೆಗೆ ಎಡೆಗೊಡಕೂಡದು. ಕೇಪಿನಲ್ಲಿಯೂ ಹಲವು ಗುಂಡುಗಳಲ್ಲಿಯೂ ಸೀಸವಿರುವುದರಿಂದ ಕೆಲಸ ಮುಗಿದೊಡನೆ ಕೈ ತೊಳೆಯುವುದೂ, ಕೋಶ ತೊಳೆದ ಧೂಳು ಮಕ್ಕಳಿಗೆ ತಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯ. ಕಟ್ಟಕಡೆಗೆ ಗುಂಡನ್ನು ಕೋಶದ ಬಾಯಲ್ಲಿ ನಿಯತವಾದ ಆಳಕ್ಕೆ ಒತ್ತಿ, ಒಟ್ಟು ಉದ್ದವನ್ನು ಕ್ಯಾಲಿಪರಿನಿಂದ ಅಳೆದು, ಡಬ್ಬಿಯ ಮೇಲೆ ದಿನಾಂಕ, ಮದ್ದು, ತೂಕಗಳನ್ನು ಬರೆದಿಡುತ್ತಾರೆ. ಇಂಥ ಟಿಪ್ಪಣಿಯಿಲ್ಲದ ತೋಟಾವನ್ನು, ತಾನೇ ತುಂಬಿದ್ದಾದರೂ, ಬಲ್ಲವನು ಹಾರಿಸುವುದಿಲ್ಲ.

ಇಷ್ಟೆಲ್ಲ ಶ್ರಮಕ್ಕೆ ಪ್ರೇರಣೆಯೇನು? ಮೊದಲ ಪ್ರೇರಣೆ ಬಡತನ ಮತ್ತು ದೂರ. 1870ರ ದಶಕದಲ್ಲಿ ಅಮೆರಿಕದ ಮಹಾಮೈದಾನಗಳಲ್ಲಿ ಕಾಡೆಮ್ಮೆಗಳನ್ನು ನಿರ್ದಯವಾಗಿ ಕೊಂದು ಹಾಕಿದ ಬೇಟೆಗಾರರು ಸೀಸ, ಮದ್ದು, ಕೇಪುಗಳನ್ನು ಸಗಟಾಗಿ ಕೊಂಡೊಯ್ದು ರಾತ್ರಿ ಬಿಡಾರದ ಬೆಂಕಿಯ ಬಳಿ ತಮ್ಮ ತೋಟಾಗಳನ್ನು ಮತ್ತೆ ತುಂಬಿಕೊಳ್ಳುತ್ತಿದ್ದರು. ಈ ವಿದ್ಯೆಯ ಇತಿಹಾಸದಲ್ಲಿ ಅದು ನಾಚಿಕೆಗೇಡಿನ ಅಧ್ಯಾಯವೆಂಬುದನ್ನು ಮುಚ್ಚಿಡಬೇಕಾಗಿಲ್ಲ. 1884ರಲ್ಲಿ ಕನೆಕ್ಟಿಕಟ್‌ನ ಜಾನ್ ಬಾರ್ಲೋ ಎಂಬಾತ ಆರಂಭಿಸಿದ ಐಡಿಯಲ್ ಕಂಪನಿಯು, ನಮ್ಮ ಅಡಕತ್ತರಿಯ ಆಕಾರದ, ಕೈಚೀಲದಲ್ಲಿ ಒಯ್ಯಬಹುದಾದ ಸಾಧನವನ್ನು ಹೊರತಂದು ಈ ಕೆಲಸವನ್ನು ರೈತನ ಮನೆಗೂ ಮುಟ್ಟಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೀಸ ತಾಮ್ರಗಳೆಲ್ಲ ಸೈನ್ಯದ ಪಾಲಾಗಿ ಗುಂಡುಗಳು ದುರ್ಲಭವಾದಾಗ, ಕ್ಯಾಲಿಫೋರ್ನಿಯದ ಓರೋವಿಲ್ ಊರಿನ ಫ್ರೆಡ್ ಹಂಟಿಂಗ್ಟನ್, ಮತ್ತೆ ತುಂಬಲಾಗದೆಂದು ಜನ ಬಿಸಾಡುತ್ತಿದ್ದ ಇಪ್ಪತ್ತೆರಡರ ಕಿರುತೋಟಾಗಳ ಖಾಲಿ ಕೋಶಗಳನ್ನೇ ಒತ್ತಿ ಗುಂಡಿಗೆ ಹೊದಿಕೆ ಮಾಡುವ ಅಚ್ಚನ್ನು ರಚಿಸಿದನು. 1943ರಲ್ಲಿ ಹೀಗೆ ಹುಟ್ಟಿದ ಉದ್ಯಮವೇ ಆರ್‌ಸಿಬಿಎಸ್. ವಿಸ್ಕಾನ್ಸಿನ್‌ನ ರಿಚರ್ಡ್ ಲೀ 1958ರಲ್ಲಿ ಮನೆಯ ಕಾರ್ಯಾಗಾರದಲ್ಲಿ ಆರಂಭಿಸಿದ ಅಗ್ಗದ ಸಾಧನಕ್ಕೆ ಪ್ರೆಸ್ಸೂ ಬೇಕಿರಲಿಲ್ಲ, ಮರದ ಸುತ್ತಿಗೆಯೊಂದಿದ್ದರೆ ಸಾಕಾಗಿತ್ತು.

ಮಿತವ್ಯಯದ ಜತೆಗೆ ಜಿಜ್ಞಾಸೆಯೂ ಇತ್ತು. ಐಡಾಹೋ ಪ್ರಾಂತದ ಎಲ್ಮರ್ ಕೀತ್ ಎಂಬ ದನಗಾಹಿ ಲೇಖಕನು ಕಂಪನಿಗಳ ತೋಟಾಗಳಿಗಿಂತ ಬಲವಾದವನ್ನು ಕೈಯಾರೆ ಕಟ್ಟುತ್ತ ಹೋದನು; ಆ ಪ್ರಯೋಗಗಳಲ್ಲಿ ಅವನ ಹಳೆಯ ರಿವಾಲ್ವರ್ ಸಿಡಿದುದೂ ಉಂಟು. ಅವನ ದಶಕಗಳ ಒತ್ತಾಯದ ಫಲವಾಗಿಯೇ 1955ರಲ್ಲಿ ಫಾರ್ಟಿ-ಫೋರ್ ಮ್ಯಾಗ್ನಮ್ ತೋಟಾ ರೂಪುಗೊಂಡಿತು. ಹವ್ಯಾಸಿಗಳು ಬಹುಕಾಲದಿಂದ ಮನೆಯಲ್ಲಿಯೇ ತಿದ್ದಿ ಬಳಸುತ್ತಿದ್ದ ಮತ್ತೊಂದು ತೋಟಾವನ್ನು ರೆಮಿಂಗ್ಟನ್ ಕಂಪನಿಯು 1965ರಲ್ಲಿ ಅಧಿಕೃತವಾಗಿ ಸ್ವೀಕರಿಸಿತು. ಇಂದು ಬೆಂಚಿನ ಮೇಲೆ ಬಂದೂಕನ್ನು ಒರಗಿಸಿ ಹೊಡೆಯುವ ಸ್ಪರ್ಧೆಗಳಲ್ಲಿ, ನೂರು ಗಜ ದೂರದ ಕಾಗದದ ಮೇಲೆ ಐದು ಗುಂಡುಗಳು ಒಂದೇ ಹರುಕು ರಂಧ್ರವಾಗಿ ಕೂಡುವಂತೆ ಹೊಡೆಯುವವರು ಅಂಗಡಿಯ ತೋಟಾವನ್ನು ಮುಟ್ಟುವುದಿಲ್ಲ. ತಯಾರಿಕೆ ನಿಂತುಹೋದ ಹಳೆಯ ಬಂದೂಕುಗಳನ್ನು ಉಳ್ಳವರಿಗಂತೂ ಬೇರೆ ಗತಿಯೇ ಇಲ್ಲ.

ಅಮೆರಿಕದಲ್ಲಿ 1968ರ ಕೇಂದ್ರ ಶಾಸನದ ಪ್ರಕಾರ ತೋಟಾ ತಯಾರಿಸಿ ಮಾರುವವನಿಗೆ ಪರವಾನಗಿ ಬೇಕು. ಸ್ವಂತಕ್ಕೆ ತುಂಬಿಕೊಳ್ಳುವವನಿಗೆ ಬೇಡ. ಈ ಸ್ವಾತಂತ್ರ್ಯವನ್ನು ಹೊಗಳುವಾಗ ಅದೇ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷವೊಂದಕ್ಕೆ 40,000ಕ್ಕೂ ಮಿಕ್ಕ ಜನ ಬಂದೂಕಿನಿಂದ ಸತ್ತಿದ್ದಾರೆಂಬುದನ್ನೂ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರೆಂಬುದನ್ನೂ ಮರೆಯಲಾಗದು. ತಕ್ಕಡಿಯ ಮುಂದೆ ಗಂಟೆಗಟ್ಟಲೆ ಕೂರುವ ಹವ್ಯಾಸಿಯನ್ನು ಆ ಸಾವುಗಳಿಗೆ ಹೊಣೆಮಾಡುವುದು ಅನ್ಯಾಯ. ಆದರೆ ಬಂದೂಕನ್ನು ಒಂದೆಡೆ, ತೋಟಾವನ್ನು ಇನ್ನೊಂದೆಡೆ ಬೀಗ ಹಾಕಿಡುವ ಕರ್ತವ್ಯದಿಂದ ಅವನಿಗೆ ಬಿಡುಗಡೆಯಿಲ್ಲ. ಮನೆಯಲ್ಲಿ ಯಾರ ಮನಸ್ಸಾದರೂ ಕದಡಿದ ಕಾಲದಲ್ಲಿ ಬಂದೂಕನ್ನು ಹೊರಗಿಡುವುದು ಮದ್ದಿನ ತೂಕಕ್ಕಿಂತ ಹಿರಿದಾದ ಎಚ್ಚರವೆಂದು ನಾನು ನಂಬಿದ್ದೇನೆ.

ನಮ್ಮ ದೇಶದ ಕಟ್ಟಳೆ ಬೇರೆ. 1959ರ ಆಯುಧ ಅಧಿನಿಯಮದಂತೆ ಬಂದೂಕು ಇಟ್ಟುಕೊಳ್ಳುವುದಕ್ಕೂ, ಆಯುಧ ತೋಟಾಗಳನ್ನು ತಯಾರಿಸುವುದಕ್ಕೂ ಪರವಾನಗಿ ಬೇಕು. 2019ರ ತಿದ್ದುಪಡಿಯು ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿ, ಅನಧಿಕೃತ ತಯಾರಿಕೆಗೆ ಕನಿಷ್ಠ ಏಳು ವರ್ಷದಿಂದ ಆಜೀವ ಕಾರಾಗೃಹದವರೆಗಿನ ಶಿಕ್ಷೆಯನ್ನು ವಿಧಿಸಿದೆ. ಆದುದರಿಂದ ಅಮೆರಿಕದ ಗ್ಯಾರೇಜಿನ ಕೆಲಸವನ್ನು ಇಲ್ಲಿ ಅನುಕರಿಸುವ ಮಾತೇ ಇಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ಪರವಾನಗಿಯ ವಿನಾಯಿತಿ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿದು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮನ್ನಣೆಯನ್ನೂ ಪಡೆದಿದೆ. ಅದಾದರೂ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದುದು. ನಾಟಿಯ ಕೆಲಸ ಮುಗಿದು ಕೈಲ್‌ಪೊಳ್ದ್ ಬಂದಾಗ ಅವರು ಕೋವಿಗಳನ್ನು ಒರಸಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸಿ, ಅನಂತರ ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದನ್ನು ಕಂಡವರು, ಆಯುಧವನ್ನು ಗೌರವದಿಂದ ಕಾಣುವ ಸಂಸ್ಕಾರ ಹೇಗಿರುತ್ತದೆಂಬುದನ್ನು ಬಲ್ಲರು.

ಗುರಿಯ ವಿದ್ಯೆಯನ್ನು ಕಲಿಯಬಯಸುವ ನಮ್ಮ ಹುಡುಗ ಹುಡುಗಿಯರಿಗೆ ಮದ್ದಿನ ಹಂಗಿಲ್ಲದ ಮಾರ್ಗವೊಂದು ತೆರೆದೇ ಇದೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ದೇಶಕ್ಕೆ ಮೊತ್ತಮೊದಲ ವೈಯಕ್ತಿಕ ಚಿನ್ನವನ್ನು ತಂದುದು ಹತ್ತು ಮೀಟರಿನ ಏರ್ ರೈಫಲ್ ಸ್ಪರ್ಧೆಯಲ್ಲಿ. ಅದಕ್ಕೆ ಕೋಶವೂ ಇಲ್ಲ, ಕೇಪೂ ಇಲ್ಲ, ಅದುಮಿದ ಗಾಳಿ ಮತ್ತು 4.5 ಮಿಲಿಮೀಟರಿನ ಸೀಸದ ಪೆಲೆಟ್ಟು ಮಾತ್ರ. ಆದರೆ ಆ ಪೆಲೆಟ್ಟನ್ನು ಕೂಡ ನುರಿತ ಸ್ಪರ್ಧಿಗಳು ಸಿಕ್ಕಿದಂತೆ ಬಳಸುವುದಿಲ್ಲ: ಬೇರೆ ಬೇರೆ ಬ್ಯಾಚಿನ ಡಬ್ಬಿಗಳನ್ನು ತರಿಸಿ, ಬಂದೂಕನ್ನು ಚೌಕಟ್ಟಿಗೆ ಬಿಗಿದು ಹಾರಿಸಿ, ಯಾವ ಬ್ಯಾಚು ತಮ್ಮ ನಳಿಗೆಗೆ ಒಗ್ಗಿ ಒಂದೇ ರಂಧ್ರದಲ್ಲಿ ಕೂಡುತ್ತದೆಂದು ಪರೀಕ್ಷಿಸಿದ ಮೇಲೆಯೇ ಆ ಡಬ್ಬಿಗಳನ್ನು ಸ್ಪರ್ಧೆಗೆಂದು ತೆಗೆದಿಡುತ್ತಾರೆ.